ಮುರಿತ ‘ರೆಡ್ಯೂಸ್’ ಆಯಿತೆಂದರೆ ಏನು?

ಪ್ರಶ್ನೆ: ನಮ್ಮ ತಾಯಿಯವರು ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆಯಿಂದ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಫ್ರ್ಯಾಕ್ಚರ್ ರೆಡ್ಯೂಸ್ಡ್’ ಎಂದಿದೆ. ಮುರಿತ ಕಡಿಮೆಯಾಗಿದೆ, ಇನ್ನೂ ಸ್ವಲ್ಪ ಉಳಿದಿದೆ ಎಂದು ಇದರ ಅರ್ಥವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ. ಶಸ್ತ್ರವೈದ್ಯರ ಇಂಗ್ಲಿಷಿನಲ್ಲಿ ‘ರೆಡ್ಯೂಸ್’ ಎಂದರೆ ಸ್ಥಾನ ತಪ್ಪಿದ್ದನ್ನು ಮರಳಿ ಅದರ ಸ್ಥಾನಕ್ಕೆ ತರುವುದು. ನಮ್ಮ ಕಡೆ ‘ಮೂಳೆ ಕೂರಿಸುವುದು’ ಎನ್ನುತ್ತೇವಲ್ಲ, ಅದೇ. ಲ್ಯಾಟಿನ್ನಿನಲ್ಲಿ ‘ರೆ’ ಎಂದರೆ ಹಿಂದಕ್ಕೆ, ‘ಡೂಕೆರೆ’ ಎಂದರೆ ಕರೆದೊಯ್ಯು. ಬಳಕೆಯ ಇಂಗ್ಲಿಷಿನಲ್ಲಿ ಮಸುಕಾಗಿರುವ ಈ ಮೂಲಾರ್ಥವನ್ನು ವೈದ್ಯಕೀಯ ಉಳಿಸಿಕೊಂಡಿದೆ.

ಅಂಗೈ ಊರಿ ಬಿದ್ದಾಗ ಮುರಿದ ಮಣಿಕಟ್ಟಿನ ತುಂಡು ಸಾಮಾನ್ಯವಾಗಿ ಕೈಯ ಹಿಂಬದಿಗೆ ಸರಿದಿರುತ್ತದೆ. ಅರಿವಳಿಕೆ ಕೊಟ್ಟ ಬಳಿಕ ಸಹಾಯಕರು ಮೊಣಕೈಯ ಬಳಿ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ವೈದ್ಯರು ಕೈಯನ್ನು ಉದ್ದಕ್ಕೆ ಎಳೆದು, ಒಂದಕ್ಕೊಂದು ಸಿಕ್ಕಿಕೊಂಡ ಮೂಳೆಯ ತುದಿಗಳನ್ನು ಬಿಡಿಸಿ, ಸರಿದ ತುಂಡನ್ನು ಹೆಬ್ಬೆರಳುಗಳಿಂದ ಅಂಗೈಯ ಕಡೆಗೆ ಒತ್ತಿ ಹೊಂದಿಸುತ್ತಾರೆ. ಚರ್ಮ ಕೊಯ್ಯದೆ ಹೀಗೆ ಮಾಡಿದರೆ ‘ಕ್ಲೋಸ್ಡ್ ರಿಡಕ್ಷನ್’, ಕೊಯ್ದು ಮೂಳೆಯನ್ನು ಕಣ್ಣಾರೆ ನೋಡಿ ಜೋಡಿಸಿದರೆ ‘ಓಪನ್ ರಿಡಕ್ಷನ್’.

ಒಂದು ವಿಷಯವನ್ನು ಮಾತ್ರ ಗಮನದಲ್ಲಿಡಬೇಕು: ‘ರೆಡ್ಯೂಸ್ಡ್’ ಎಂಬುದು ಮೂಳೆ ತನ್ನ ಜಾಗಕ್ಕೆ ಬಂದಿತೆಂದು ಹೇಳುತ್ತದೆಯೇ ಹೊರತು ಕೂಡಿಕೊಂಡಿತೆಂದಲ್ಲ. ಕೂಡಿಕೊಳ್ಳುವುದಕ್ಕೆ ‘ಯೂನಿಯನ್’ ಎಂಬ ಬೇರೆ ಪದವೇ ಇದೆ, ಅದಕ್ಕೆ ವಾರಗಳೇ ಹಿಡಿಯುತ್ತವೆ. ಬಾವು ಇಳಿದು ಪಟ್ಟಿ ಸಡಿಲವಾದಾಗ ಕೂರಿಸಿದ ತುಂಡು ಮತ್ತೆ ಜಾರಬಹುದು. ಆಗ ‘ಲಾಸ್ ಆಫ್ ರಿಡಕ್ಷನ್’ ಎಂದು ಬರೆಯುತ್ತಾರೆ. ಮೊದಲ ವಾರಗಳಲ್ಲಿ ಮತ್ತೆ ಎಕ್ಸ್-ರೇ ತೆಗೆಸಲು ಹೇಳುವುದು ಇದಕ್ಕಾಗಿಯೇ, ಆದ್ದರಿಂದ ತಾಯಿಯವರಿಗೆ ನೋವಿಲ್ಲವೆಂದು ಅದನ್ನು ತಪ್ಪಿಸಬೇಡಿ.

ಈ ಕ್ರಿಯಾಪದ ತಪ್ಪಿದ ಭುಜದ ಕೀಲಿಗೂ ಹರ್ನಿಯಾಕ್ಕೂ ಸಲ್ಲುತ್ತದೆ. ಮಲಗಿದಾಗ ಅಥವಾ ಮೆಲ್ಲಗೆ ಒತ್ತಿದಾಗ ಒಳಸರಿಯುವ ಹರ್ನಿಯಾ ‘ರೆಡ್ಯೂಸಿಬಲ್’, ಒಳಹೋಗದೆ ನಿಂತದ್ದು ‘ಇರ್‌ರೆಡ್ಯೂಸಿಬಲ್’. ಎರಡನೆಯದರ ಜೊತೆಗೆ ನೋವು, ವಾಂತಿ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇನ್ನು ‘ಬ್ರೆಸ್ಟ್ ರಿಡಕ್ಷನ್’ ಎಂಬಲ್ಲಿ ಮಾತ್ರ ಪದಕ್ಕೆ ನೀವು ಊಹಿಸಿದ ಅರ್ಥವೇ: ಗಾತ್ರವನ್ನು ಕಡಿಮೆ ಮಾಡುವುದು.