ಹಡಗು ಕಾಯೋಕೆ ಲೇಸರ್ ಬರ್ತಾ ಇದೆಯಲ್ಲ, ಇನ್ನೂ ಕ್ಷಿಪಣಿಗೆ ಯಾಕೆ ದುಡ್ಡು ಸುರಿಯಬೇಕು?

ನಾನು ನೌಕಾಪಡೆಯವನಲ್ಲ, ಪಣಂಬೂರಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಿಕಲ್ ಇಂಜಿನಿಯರ್. ಹಡಗು ಕಾಯುವ ಆಯುಧಗಳ ಈ ಹುಚ್ಚು ಹಿಡಿದದ್ದು 2023ರ ಡಿಸೆಂಬರಿನಲ್ಲಿ. ನಮ್ಮ ನವಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಹಡಗಿಗೆ ಗುಜರಾತಿನ ಆಚೆ ಸಮುದ್ರದಲ್ಲಿ ಡ್ರೋನ್ ಬಡಿಯಿತು, ನೆನಪಿದೆಯಾ?

ನಿಮ್ಮ ಪ್ರಶ್ನೆ ಸರಿಯೇ. ಕೆಂಪು ಸಮುದ್ರದಲ್ಲಿ ಅಮೆರಿಕದವರು ಕೆಲವು ಸಾವಿರ ಡಾಲರಿನ ಡ್ರೋನಿಗೆ ಸುಮಾರು 20 ಲಕ್ಷ ಡಾಲರಿನ ಕ್ಷಿಪಣಿ ಬಿಡುತ್ತಿದ್ದರು. ಅಗ್ಗದ ಬೂತಾಯಿ ಮೀನಿಗೆ ದುಬಾರಿ ಅಂಜಲ್ ಮೀನಿನ ರೇಟು ಕೊಟ್ಟ ಹಾಗೆ! ಬ್ರಿಟನ್ನಿನ ಡ್ರ್ಯಾಗನ್‌ಫೈರ್ ಲೇಸರಿಗೆ ಒಂದು ಸಲ ಹೊಡೆಯಲು 10 ಪೌಂಡೂ ಆಗುವುದಿಲ್ಲವಂತೆ.

ಆದರೆ ಕಾಪು ದೀಪಸ್ತಂಭ ಹತ್ತಿ ನೋಡಿದ್ದೀರಾ? ತೀರಾ ದೂರದ ಬೋಟಿನ ಮೇಲ್ಭಾಗ ಮಾತ್ರ ಕಾಣುತ್ತದೆ, ಉಳಿದದ್ದು ನೀರಿನ ಅಂಚಿನ ಕೆಳಗೆ. ಹಡಗಿನ ರಾಡಾರಿಗೂ ಅದೇ ಪಾಡು. ರಾಡಾರ್ 20 ಮೀಟರ್ ಎತ್ತರದಲ್ಲಿದ್ದು, ಶತ್ರುವಿನ ಕ್ಷಿಪಣಿ ನೀರಿನಿಂದ ಬರೀ 5 ಮೀಟರ್ ಮೇಲೆ ಬಂದರೆ, ಅದು ಕಣ್ಣಿಗೆ ಬೀಳುವುದೇ ಸುಮಾರು 27 ಕಿ.ಮೀ. ಹತ್ತಿರ ಬಂದ ಮೇಲೆ. ಶಬ್ದಕ್ಕಿಂತ ಸ್ವಲ್ಪ ನಿಧಾನದ್ದಾದರೆ ಒಂದೂವರೆ ನಿಮಿಷ ಸಿಗುತ್ತದೆ. ಶಬ್ದದ ಸುಮಾರು ಮೂರು ಪಟ್ಟು ವೇಗದ ಬ್ರಹ್ಮೋಸ್‌ನಂಥದ್ದಾದರೆ ಅರ್ಧ ನಿಮಿಷವೂ ಇಲ್ಲ. ಲೇಸರ್ ಅಂದರೆ ಒಂದೇ ಜಾಗದ ಮೇಲೆ ಕೆಲವು ಸೆಕೆಂಡು ಬೆಳಕು ನಿಲ್ಲಿಸಿ ಸುಡಬೇಕು. ಡ್ರೋನಿಗೆ ಸರಿ, ಮೈಮೇಲೆ ಬರುವ ಕ್ಷಿಪಣಿಗೆ ಕಷ್ಟ.

ಹಾಗಂತ ಕ್ಷಿಪಣಿಯನ್ನೇ ನಂಬಿ ಕೂರಲೂ ಆಗದು. ನಮ್ಮ ಯುದ್ಧನೌಕೆ ಐಎನ್ಎಸ್ ಕೋಲ್ಕತ್ತದಲ್ಲಿ, ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಬರಾಕ್-8 ಕ್ಷಿಪಣಿ ಇಡಲು 32 ಗೂಡುಗಳಿವೆ ಅಷ್ಟೆ. ಖಾಲಿಯಾದರೆ ಬಂದರಿಗೆ ವಾಪಸ್. ಆ ಬರಾಕ್-8ಕ್ಕೆ ಇಸ್ರೇಲ್ ಜೊತೆ ಒಪ್ಪಂದ ಆದದ್ದು 2006ರಲ್ಲಿ, ನಮ್ಮ ಹಡಗಿನಿಂದ ಮೊದಲ ಸಲ ಹಾರಿಸಿದ್ದು 2015ರ ಕೊನೆಗೆ. ಇಂಥದ್ದಕ್ಕೆ ಒಂದು ವರ್ಷ ದುಡ್ಡು ಕೊಟ್ಟು ಮರುವರ್ಷ ಕೈಬಿಟ್ಟರೆ ಏನೂ ದಕ್ಕುವುದಿಲ್ಲ. ಕೊಡುತ್ತಲೇ ಹೋದರೂ ದಕ್ಕುತ್ತದೆ ಅಂತಿಲ್ಲ ಬಿಡಿ: ಅಮೆರಿಕದ ನೌಕಾಪಡೆ ವಿದ್ಯುತ್ತಿನಿಂದ ಗುಂಡು ಎಸೆಯುವ ರೈಲ್‌ಗನ್‌ಗೆ ಸುಮಾರು 50 ಕೋಟಿ ಡಾಲರ್ ಸುರಿದು 2021ರಲ್ಲಿ ನಿಲ್ಲಿಸಿತು. ಗನ್ನಿನ ನಳಿಗೆ ಬೇಗ ಸವೆಯುತ್ತಿತ್ತು ಅನ್ನುವುದು ಒಂದು ದೊಡ್ಡ ತಲೆನೋವಾಗಿತ್ತು.

ನನ್ನ ಕೈಯಲ್ಲಿ ದುಡ್ಡಿದ್ದರೆ ಮೊದಲು ಬರಾಕ್ ದಾಸ್ತಾನು, ಆಮೇಲೆ ತೀರಾ ಹತ್ತಿರ ಬಂದದ್ದನ್ನು ಹೊಡೆಯುವ ಹಡಗಿನ 30 ಮಿ.ಮೀ. ಗನ್ನಿಗೆ ಒಳ್ಳೆಯ ಗುಂಡು, ಉಳಿದದ್ದು ಲೇಸರಿಗೆ. ನಮ್ಮ ಡಿಆರ್‌ಡಿಒ 2025ರ ಏಪ್ರಿಲ್‌ನಲ್ಲಿ ಕರ್ನೂಲಿನಲ್ಲಿ 30 ಕಿಲೋವಾಟ್ ಲೇಸರಿನಿಂದ ಡ್ರೋನ್ ಕೆಡವಿದ್ದು ಖುಷಿಯೇ. ಆದರೆ ಅದು ಕರ್ನೂಲಿನ ಒಣ ಬಿಸಿಲು ಮಾರಾಯ್ರೇ, ಮಳೆ ಮತ್ತು ಉಪ್ಪುಗಾಳಿಯಲ್ಲಿ ಲೇಸರ್ ಬೆಳಕು ಚದುರುತ್ತದೆ. ಜುಲೈಯಲ್ಲಿ ಒಮ್ಮೆ ಪಣಂಬೂರಿನ ಎದುರು ಹೊಡೆದು ತೋರಿಸಲಿ, ಆಮೇಲೆ ಮಾತಾಡೋಣ.