ಬರಹಗಾರರಿಗೆ ಸಲಹೆ: ರೌಟರಿನಲ್ಲಿ ಬಂದರು ಬೇಡ

ನಮಸ್ಕಾರ.

‘ಉಪಗ್ರಹ ಸಂವಹನದ ಪಾರಿಭಾಷಿಕ ಪದಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಬರೀ ‘ವಿಷಾದಿಸುತ್ತೇವೆ’ ಅಂತ ಚೀಟಿ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಕಾರಣ ನಾಲ್ಕನೇ ಪುಟದ ಏಳು ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪದಗಳ ಮಾತು. 41 ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದಕ್ಕೂ ಕನ್ನಡ ಹುಡುಕಿದ್ದೀರಿ. ಪಟ್ಟ ಶ್ರಮ ಕಾಣುತ್ತದೆ. ಆದರೆ ರೌಟರಿನಲ್ಲಿ ತಂತಿ ಸಿಕ್ಕಿಸುವ ಜಾಗ, ಅಂದರೆ ಪೋರ್ಟ್, ನಿಮ್ಮಲ್ಲಿ ‘ಬಂದರು’ ಆಗಿದೆ. ‘ಮೂರನೇ ಬಂದರಿಗೆ ತಂತಿ ಜೋಡಿಸಬೇಕು’ ಎಂದು ಓದಿದಾಗ, ಮಂಗಳೂರು, ಕಾರವಾರ ಆಯಿತು, ಮೂರನೆಯದು ಯಾವುದಪ್ಪ ಎಂದು ಯೋಚಿಸಿದೆ. ಆಂಟೆನಾದ ಗೇನ್, ಅಂದರೆ ಅಲೆಯನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಸಾಮರ್ಥ್ಯ, ‘ಲಾಭ’ ಆಗಿದೆ. ಸಿಗ್ನಲ್ ಹೊತ್ತೊಯ್ಯುವ ಅಲೆಯಾದ ಕ್ಯಾರಿಯರ್ ‘ವಾಹಕ’ ಆಗಿದೆ. ಶಾಲೆಯ ವಿಜ್ಞಾನದಲ್ಲಿ ವಾಹಕ ಅಂದರೆ ತಾಮ್ರದಂಥದ್ದು, ಅಲ್ವಾ? ಎಲ್‌ಎನ್‌ಬಿಯಂತೂ (ಲೋ ನಾಯ್ಸ್ ಬ್ಲಾಕ್ ಕನ್ವರ್ಟರ್) ‘ಅಲ್ಪ ಶಬ್ದ ಖಂಡ ಪರಿವರ್ತಕ’. ಕನ್ನಡದಲ್ಲಿ ಶಬ್ದ ಅಂದರೆ ಪದ ಅಂತಲೂ ಇದೆ. ಕಡಿಮೆ ಮಾತಾಡುವ ಯಂತ್ರ ಎಂದುಕೊಂಡೆ.

ಕನ್ನಡ ಪದ ಬೇಡ ಎನ್ನುತ್ತಿಲ್ಲ. ಉಪಗ್ರಹ, ಕಕ್ಷೆ, ಅಲೆ ಎಲ್ಲರ ಬಾಯಲ್ಲಿವೆ. ಆದರೆ ಡಿಶ್ ರಿಪೇರಿಯ ಹುಡುಗ ‘ಎಲ್‌ಎನ್‌ಬಿ ಹೋಗಿದೆ ಅಕ್ಕ’ ಅಂದರೆ ಮನೆಯವರು ‘ಎಷ್ಟಾಗುತ್ತೆ’ ಅಂತ ಕೇಳುತ್ತಾರೆಯೇ ಹೊರತು ಹಾಗಂದರೇನು ಅಂತಲ್ಲ. ಹೆಸರು ಅವರಿಗೆ ರೂಢಿಯಾಗಿದೆ. ಗೊತ್ತಿಲ್ಲದ್ದು ಅದರ ಕೆಲಸ. ನೀವು ಹೆಸರನ್ನು ಬಿಡಿಸಿ ಹೇಳಿ ಕೆಲಸವನ್ನು ಬಿಟ್ಟುಬಿಟ್ಟಿದ್ದೀರಿ.

ನಾನಾಗಿದ್ದರೆ ಡಿಶ್ ಮುಂದೆ ಚಾಚಿಕೊಂಡ ಆ ಪುಟ್ಟ ಡಬ್ಬಿಯಿಂದ, ಅಂದರೆ ಎಲ್‌ಎನ್‌ಬಿಯಿಂದಲೇ, ಶುರು ಮಾಡುತ್ತಿದ್ದೆ. ಸುಮಾರು 36,000 ಕಿಲೋಮೀಟರ್ ದೂರದ ಉಪಗ್ರಹದಿಂದ ಬಂದ ಸಿಗ್ನಲ್ ತೀರಾ ಸಣ್ಣಗಾಗಿರುತ್ತದೆ. ಡಿಶ್ ಅದನ್ನು ಒಟ್ಟು ಮಾಡಿ ಡಬ್ಬಿಯ ಬಾಯಿಗೆ ಹಾಕುತ್ತದೆ. ಡಬ್ಬಿ ಅದನ್ನು ದೊಡ್ಡದು ಮಾಡಬೇಕು, ಆದರೆ ತನ್ನ ಗಲಾಟೆಯನ್ನು ಜಾಸ್ತಿ ಸೇರಿಸಬಾರದು. ಇನ್ನೊಂದು ತೊಂದರೆ ಇದೆ. 12 ಗಿಗಾಹರ್ಟ್ಸ್ ಆಸುಪಾಸಿನ ಕೆಯು ಬ್ಯಾಂಡ್ ಅಲೆಯನ್ನು ಹಾಗೇ ಮಾಮೂಲಿ ಕೇಬಲ್ಲಿಗೆ ಬಿಟ್ಟರೆ ಮನೆಯೊಳಗೆ ಬರುವಷ್ಟರಲ್ಲಿ ಸೊರಗಿಹೋಗುತ್ತದೆ. ಅದಕ್ಕೇ ಡಬ್ಬಿ ಅದನ್ನು 950ರಿಂದ 2150 ಮೆಗಾಹರ್ಟ್ಸ್‌ನೊಳಗೆ ಇಳಿಸಿ ಕಳಿಸುತ್ತದೆ. ಅದೇ ಕೇಬಲ್ಲಿನಲ್ಲಿ ಸೆಟ್‌ಟಾಪ್ ಬಾಕ್ಸಿನಿಂದ ಡಬ್ಬಿಗೆ ಕರೆಂಟು ಹತ್ತುತ್ತದೆ. 13 ವೋಲ್ಟ್ ಹೋದರೆ ನಿಂತ ಅಲೆ (ಮೇಲೆ-ಕೆಳಗೆ ಕಂಪಿಸುವುದು) ಹಿಡಿ ಎಂದರ್ಥ, 18 ಹೋದರೆ ಮಲಗಿದ ಅಲೆ (ಅಡ್ಡಡ್ಡ ಕಂಪಿಸುವುದು). ಒಂದೇ ತಂತಿಯಲ್ಲಿ ಟಿವಿ ಇಳಿಯುತ್ತದೆ, ಕರೆಂಟು ಹತ್ತುತ್ತದೆ, ಅಪ್ಪಣೆಯೂ ಹೋಗುತ್ತದೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಲೇಖನದಲ್ಲಿ ಮಾತ್ರ ಇಲ್ಲ.

ಕೆಲವು ಕಡೆ ತಪ್ಪುಗಳೂ ನುಸುಳಿವೆ. ಹಾಸನದ ಕೇಂದ್ರದಿಂದ ಚಾನೆಲ್‌ಗಳನ್ನು ಮೇಲಕ್ಕೆ ಕಳಿಸುತ್ತಾರೆ ಎಂದಿದ್ದೀರಿ. ಆ ಕೆಲಸಕ್ಕೆ ಬೇರೆ ಭೂಕೇಂದ್ರಗಳಿವೆ. 1982ರಿಂದ ಹಾಸನದಲ್ಲಿರುವುದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಅದು ಉಪಗ್ರಹದ ಆರೋಗ್ಯ ನೋಡಿಕೊಳ್ಳುತ್ತದೆ. ಸೂರ್ಯ, ಚಂದ್ರರ ಸೆಳೆತಕ್ಕೆ ಉಪಗ್ರಹ ಜಾಗ ಬಿಟ್ಟು ಸರಿದರೆ ಅದರ ಸಣ್ಣ ಎಂಜಿನ್‌ಗಳನ್ನು ಉರಿಸಿ ಮತ್ತೆ ಜಾಗಕ್ಕೆ ತರುತ್ತದೆ. ನೀವು ಬಳಸಿದ ‘ನಿಶ್ಚಲ ಉಪಗ್ರಹ’ ಅನ್ನುವ ಪದದಿಂದಲೇ ಈ ಕಥೆ ಮುಚ್ಚಿಹೋಗುತ್ತದೆ. ಅದು ಸೆಕೆಂಡಿಗೆ 3 ಕಿಲೋಮೀಟರ್ ಓಡುತ್ತಲೇ ಇರುತ್ತದೆ. ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮಗೆ ನಿಂತಂತೆ ಕಾಣುತ್ತದೆ, ಅಷ್ಟೆ.

‘ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೆ ವಿಳಂಬ ತಪ್ಪುತ್ತದೆ’ ಎಂಬ ಸಾಲನ್ನಂತೂ ಹೊಡೆದುಹಾಕಿ. ಬ್ಯಾಂಡ್‌ವಿಡ್ತ್ ಅಂದರೆ ರಸ್ತೆಯ ಅಗಲ ಇದ್ದಂತೆ. ರಸ್ತೆ ಅಗಲ ಮಾಡಿದರೆ ಶಿವಮೊಗ್ಗ ಹತ್ತಿರ ಬರುತ್ತದೆಯೇ? ಮೇಲೆ ಹೋಗಿ ಕೆಳಗೆ ಬರಲು ಸಿಗ್ನಲ್ಲಿಗೆ ಸುಮಾರು ಕಾಲು ಸೆಕೆಂಡ್ ಬೇಕು. ಉತ್ತರ ಬರಲು ಇನ್ನೊಂದು ಕಾಲು. ಬೆಳಕಿನ ವೇಗವೇ ಅಷ್ಟು. ಹಣ ಕೊಟ್ಟು ಅದನ್ನು ಜಾಸ್ತಿ ಮಾಡಿಸಲಾಗುವುದಿಲ್ಲ.

ಇನ್ನು ನಾಲ್ಕನೇ ಪುಟ. ನೀವು ವಿಸ್ಯಾಟ್ (ಉಪಗ್ರಹದ ಮೂಲಕ ಸಂಪರ್ಕ ಕೊಡುವ ಸಣ್ಣ ಡಿಶ್) ಕೂರಿಸುವ ಕೆಲಸದವರು ಎಂದು ನನಗೆ ಗೊತ್ತಾದದ್ದೇ ಅಲ್ಲಿ. ಮಳೆಗಾಲ, ತೀರ್ಥಹಳ್ಳಿ ಕಡೆಯ ಒಂದು ಬ್ಯಾಂಕಿನ ತಾರಸಿ. ಸಿಗ್ನಲ್ ಮೀಟರ್ ನೆನೆಯದಂತೆ ಮ್ಯಾನೇಜರ್ ಕೊಡೆ ಹಿಡಿದಿದ್ದಾರೆ. ನಿಮ್ಮ ಒಂದು ಕೈಯಲ್ಲಿ ಸ್ಪ್ಯಾನರ್, ಕಿವಿಯಲ್ಲಿ ಜಾಲದ ಮುಖ್ಯ ಕೇಂದ್ರವಾದ ಹಬ್‌ನವರ ಫೋನ್. ‘ಇನ್ನೂ ಸ್ವಲ್ಪ ಬಲಕ್ಕೆ, ಸ್ವಲ್ಪ, ನಿಲ್ಲಿ.’ ಅಷ್ಟರಲ್ಲಿ ನೀವು ‘ಪೋಲರೈಸೇಷನ್: ಧ್ರುವೀಕರಣ’ ಎಂದು ಬರೆದು ಮುಂದಿನ ಪದಕ್ಕೆ ಹೋಗಿಬಿಟ್ಟಿರಿ!

ಲೇಖನ ಆ ತಾರಸಿಯಲ್ಲೇ ಶುರುವಾಗಲಿ. ಪದಗಳು ಒಂದೊಂದಾಗಿ ತಾವೇ ಅಲ್ಲಿಗೆ ಬರುತ್ತವೆ. 1.2 ಮೀಟರ್ ಡಿಶ್‌ನ ಕಣ್ಣಿಗೆ ಆಕಾಶದಲ್ಲಿ ಬೀಳುವುದು ಎರಡು-ಮೂರು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಜಾಗ ಮಾತ್ರ. ಸ್ಪ್ಯಾನರ್ ಕೂದಲೆಳೆಯಷ್ಟೇ ಯಾಕೆ ತಿರುಗಬೇಕು ಎಂದು ಓದುಗರಿಗೆ ಆಗ ತಿಳಿಯುತ್ತದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಒಬ್ಬರ ಅಲೆ ನಿಂತು, ಇನ್ನೊಬ್ಬರದು ಮಲಗಿ ಹೋಗುತ್ತಿರುತ್ತದೆ. ಪೋಲರೈಸೇಷನ್ ಅಂದರೆ ಇದೇ. ಡಿಶ್ ಮುಂದಿರುವ ನಿಮ್ಮ ಫೀಡ್ (ಅಲೆ ಹೊರಡುವ ಬಾಯಿ) ಸ್ವಲ್ಪ ಓರೆಯಾದರೂ ಪಕ್ಕದವರ ಅಲೆಗೆ ತೊಂದರೆ. ಹಬ್‌ನವರು ಫೋನಿನಲ್ಲಿ ಮಾಡಿಸುತ್ತಿದ್ದ ಕ್ರಾಸ್‌ಪೋಲ್ ಪರೀಕ್ಷೆ ಅದಕ್ಕೇ ತಾನೇ? ಅದನ್ನು ಬರೆಯಿರಿ.

ಮಳೆಯ ಬಗ್ಗೆ ಜಾಸ್ತಿ ಬರೆಯಿರಿ. ಕಡಿಮೆ ಫ್ರೀಕ್ವೆನ್ಸಿಯ ಸಿ ಬ್ಯಾಂಡ್ ಜಡಿಮಳೆಯನ್ನೂ ತಡೆದುಕೊಳ್ಳುತ್ತದೆ, ಕೆಯು ಬ್ಯಾಂಡ್ ಕುಸಿಯುತ್ತದೆ. ಹಾಗಾದರೆ ಸಿಗ್ನಲ್ ಲೆವೆಲ್ ಬಿದ್ದಾಗ ತಪ್ಪು ಮಳೆಯದೋ, ಗಾಳಿಗೆ ಜರುಗಿದ ಡಿಶ್‌ನದೋ ಎಂದು ಹೇಗೆ ತಿಳಿಯುತ್ತೀರಿ? ಮಳೆ ನಿಲ್ಲುವವರೆಗೆ ಸ್ಪ್ಯಾನರ್ ಮುಟ್ಟದೆ ಕಾಯುವುದೂ ಒಂದು ವಿದ್ಯೆಯೇ ಇರಬೇಕು.

41 ಪದಗಳಲ್ಲಿ ಹತ್ತು ಉಳಿದರೆ ಸಾಕು. ಸಿಗ್ನಲ್ಲಿನ ಏರಿಳಿತ ಅಳೆಯುವ ಡೆಸಿಬಲ್ ಇರಲಿ, 3 ಡೆಸಿಬಲ್ ಬಿದ್ದರೆ ಅರ್ಧ ಶಕ್ತಿ ಹೋದಂತೆ ಎನ್ನುವಷ್ಟು ಸಾಕು. ಕಂಪ್ಯೂಟರ್ ಜಾಲದ ರೌಟರ್, ಸ್ವಿಚ್, ಹಬ್‌ಗಳ ವ್ಯತ್ಯಾಸಕ್ಕೆ ಬೇರೆಯೇ ಲೇಖನ ಬೇಕು.

ತಿದ್ದಿ ಬರೆದು 1,200 ಪದದೊಳಗೆ ಕಳಿಸಿ. ಕಳಿಸುವಾಗ ಇದನ್ನೂ ಹೇಳಿ: ಅವತ್ತು ಕೊನೆಗೆ ಲಿಂಕ್ ಬಂತಾ? ಪಾಪ, ಮ್ಯಾನೇಜರ್ ಎಷ್ಟು ಹೊತ್ತು ಕೊಡೆ ಹಿಡಿದಿದ್ದರು?