ಇಪ್ಪತ್ತರಿಂದ ಸೊನ್ನೆಗೆ ಇಳಿದ ಅಂಕಪಟ್ಟಿ

ಸಂಪಾದಕರ ಉತ್ತರ

(ಚಿತ್ರದುರ್ಗ ಜಿಲ್ಲೆಯ ನಿವೃತ್ತ ಕೃಷಿ ಅಧಿಕಾರಿಯೊಬ್ಬರ ಪತ್ರದ ಸಾರ: "ಆಫ್ರಿಕಾದ ಕೃಷಿ ನೀತಿಗೆ ಅಂಕಿಅಂಶ ಒದಗಿಸುವ ಸಂಶೋಧನಾ ಜಾಲಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಆರು ಪುಟ ಕೊಟ್ಟಿದ್ದೀರಿ. ಗುರಿಯ ಹಾದಿಯಲ್ಲಿರುವ ದೇಶಗಳು ಮೊದಲ ಸಲ 20, ಆಮೇಲೆ 4, ಆಮೇಲೆ 1, ಈಗ ಸೊನ್ನೆ ಎಂದು ಆ ಲೇಖನವೇ ಹೇಳುತ್ತದೆ. ಹೋಟೆಲುಗಳಲ್ಲಿ ಕಾರ್ಯಾಗಾರ ನಡೆಸಿ, ವರದಿ ಮುದ್ರಿಸಿ ಸಾಧಿಸಿದ್ದು ಇಷ್ಟೇ ತಾನೇ? ಮಂತ್ರಿಗಳು ನೋಡುವುದು ಮತವನ್ನು, ಅಂಕಿಯನ್ನಲ್ಲ. ನಮ್ಮ ರಾಗಿ, ಶೇಂಗಾಗಳಿಗೇ ಜಾಗ ಸಾಲದಿರುವಾಗ ಇದೆಲ್ಲ ನಮಗೇಕೆ?")

ಮಾನ್ಯರೇ,

ಪತ್ರ ಖಾರವಾಗಿದೆ. ಇಲಾಖೆಯಲ್ಲಿ ಆಯುಷ್ಯ ಸವೆಸಿದವರ ಖಾರವಾದ್ದರಿಂದ ಉತ್ತರವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ ಸೊನ್ನೆಯ ವಿಚಾರ. 2014ರಲ್ಲಿ ಈಕ್ವಟೋರಿಯಲ್ ಗಿನಿಯ ಮಲಾಬೊದಲ್ಲಿ ಸೇರಿದ ಆಫ್ರಿಕಾದ ರಾಷ್ಟ್ರನಾಯಕರು ಕೃಷಿಯ ಬಗ್ಗೆ ಕೆಲವು ಮಾತು ಕೊಟ್ಟರು. ಕೊಟ್ಟ ಮಾತು ಎಷ್ಟು ನಡೆಯಿತು ಎಂಬುದನ್ನು ಎರಡು ವರ್ಷಕ್ಕೊಮ್ಮೆ ಅಳೆದು ಎಲ್ಲರ ಮುಂದೆ ಇಡಬೇಕೆಂದೂ ಒಪ್ಪಿಕೊಂಡರು. 2018ರ ಮೊದಲ ವರದಿಯಲ್ಲಿ ಲೆಕ್ಕ ಕೊಟ್ಟ 47 ದೇಶಗಳ ಪೈಕಿ 20 ಉತ್ತೀರ್ಣ. ಆಗ ಉತ್ತೀರ್ಣವಾಗಲು ಬೇಕಿದ್ದದ್ದು ಹತ್ತಕ್ಕೆ 3.94 ಅಂಕ. ಮುಂದಿನ ಸಲ ಅದು 6.66ಕ್ಕೆ ಏರಿತು, ಅದರ ಮುಂದೆ 7.28ಕ್ಕೆ, ನಾಲ್ಕನೆಯ ಸಲ 9.29ಕ್ಕೆ. 2025ಕ್ಕೆ ಗುರಿ ಮುಟ್ಟಬೇಕಾಗಿದ್ದರಿಂದ ಗಡಿ ಪ್ರತಿ ಸಲವೂ ಮೇಲೇರುವಂತೆಯೇ ಲೆಕ್ಕ ಹಾಕಿದ್ದರು. ರುವಾಂಡಾ 6.1ರಿಂದ ಶುರುಮಾಡಿ ಪ್ರತಿ ಸಲ ಸ್ವಲ್ಪ ಸ್ವಲ್ಪ ಮೇಲೆ ಬಂದಿದೆ. ಆದರೂ ನಾಲ್ಕನೆಯ ಸಲ ಉತ್ತೀರ್ಣರ ಪಟ್ಟಿಯಿಂದ ಬಿದ್ದುಹೋಯಿತು. ಎಲ್ಲರೂ ಹಿಂದಕ್ಕೆ ಹೋದರೆಂದು ಆ ಸೊನ್ನೆಯನ್ನು ಓದಲಾಗದು. ಮಾತು ಕೊಟ್ಟಷ್ಟು ವೇಗದಲ್ಲಿ ಯಾರೂ ಮುಂದೆ ಹೋಗಲಿಲ್ಲ ಎನ್ನುವುದು ಮಾತ್ರ ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ಬೇರೆಯೇ ಸಂಗತಿ: ಸರ್ಕಾರಗಳು ತಾವೇ ಹಾಕಿಸಿದ ಲೆಕ್ಕದಲ್ಲಿ ತಾವೇ ನಪಾಸಾಗಿ, ಆ ಫಲಿತಾಂಶವನ್ನು ಪ್ರಕಟವಾಗಲು ಬಿಟ್ಟವು. ನಮ್ಮಲ್ಲಿ ಎಷ್ಟು ಇಲಾಖೆಗಳಿಗೆ ಆ ಎದೆಗಾರಿಕೆಯಿದೆ, ನೀವೇ ಹೇಳಬೇಕು.

ಈ ಅಂಕಪಟ್ಟಿಯ ಹಿಂದಿನ ಕೆಲಸದಲ್ಲಿ 2006ರಲ್ಲಿ ಹುಟ್ಟಿದ ರಿಸ್ಯಾಕ್ಸ್ ಎಂಬ ಕೃಷಿ ಸಂಶೋಧನಾ ಜಾಲದ ಪಾಲು ದೊಡ್ಡದು. ಈಗ ಅದನ್ನು ನಡೆಸುತ್ತಿರುವುದು ರುವಾಂಡಾದ ಕಿಗಾಲಿಯಲ್ಲಿರುವ ಅಕಾಡೆಮಿಯಾ 2063 ಸಂಸ್ಥೆ. ಜಾಲ ಎಂದ ಕೂಡಲೇ ನಿಮ್ಮ ಕಣ್ಣಿಗೆ ಹೋಟೆಲಿನ ಸಭಾಂಗಣ ಬಂದಿದೆ. ಸಭಾಂಗಣಗಳಿಗೆ ಕೊರತೆಯೇನೂ ಇಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಜಾಲವಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮಲಾವಿಯ ಕಥೆ ನೋಡಿ.

2001-02ರಲ್ಲಿ ಮಲಾವಿಯಲ್ಲಿ ಜನ ಹಸಿವಿನಿಂದ ಸತ್ತರು. ಮೆಕ್ಕೆಜೋಳ ಕೈಕೊಟ್ಟಿದ್ದರೂ ಮರಗೆಣಸು, ಗೆಣಸುಗಳ ಫಸಲು ಚೆನ್ನಾಗಿದೆ ಎಂದು ಅಧಿಕೃತ ಅಂದಾಜು ಹೇಳುತ್ತಿತ್ತು. ಆ ಗೆಡ್ಡೆಗಳು ಇದ್ದದ್ದು ಬಹುಪಾಲು ಕಾಗದದ ಮೇಲೆ. ಮೀಸಲು ದಾಸ್ತಾನಿನ ಧಾನ್ಯ ಅಷ್ಟರಲ್ಲಿ ಮಾರಾಟವಾಗಿತ್ತು. 2005ರ ಬರದ ನಂತರ ಅಧ್ಯಕ್ಷ ಬಿಂಗು ವಾ ಮುತಾರಿಕಾ ದೊಡ್ಡ ಪ್ರಮಾಣದಲ್ಲಿ ಗೊಬ್ಬರದ ಸಹಾಯಧನ ಶುರುಮಾಡಿದರು. ಕೂಪನ್ ತೋರಿಸಿದರೆ ಅಗ್ಗದ ಬೆಲೆಗೆ 50 ಕಿಲೋ ಚೀಲದ ಗೊಬ್ಬರ, ಜೊತೆಗೆ ಬೀಜ. ಮಳೆಯೂ ಒಲಿಯಿತು. 2006-07ರಲ್ಲಿ ಸುಮಾರು 34 ಲಕ್ಷ ಟನ್ ಮೆಕ್ಕೆಜೋಳ ಬೆಳೆದಿದೆ ಎಂದು ಸಚಿವಾಲಯ ಘೋಷಿಸಿತು. ಜಗತ್ತು ಕೊಂಡಾಡಿತು, ಮಲಾವಿ ಜಿಂಬಾಬ್ವೆಗೆ ಲಕ್ಷಗಟ್ಟಲೆ ಟನ್ ರಫ್ತು ಮಾಡಲು ಹೊರಟಿತು. ಕಣಜ ತುಂಬಿ ತುಳುಕುತ್ತಿದ್ದರೆ ಬೆಲೆ ಇಳಿಯಬೇಕಿತ್ತು. 2008ರ ಆರಂಭದ ಹೊತ್ತಿಗೆ ಮಲಾವಿಯ ಸಂತೆಗಳಲ್ಲಿ ಮೆಕ್ಕೆಜೋಳದ ಬೆಲೆ ಏರಿತು! ಅದೇ ಕಾಲದ ಕೃಷಿ ಗಣತಿಯ ಅಂಕಿ ಸುಮಾರು 21 ಲಕ್ಷ ಟನ್. ಹದಿಮೂರು ಲಕ್ಷ ಟನ್ ಮೆಕ್ಕೆಜೋಳವನ್ನು ಯಾವ ಹೆಗ್ಗಣವೂ ತಿನ್ನಲಾರದು. ಸಹಾಯಧನ ವ್ಯರ್ಥವಾಯಿತೆಂದು ನಾನು ಹೇಳುತ್ತಿಲ್ಲ. ಗೊಬ್ಬರ ಬಿದ್ದ ಹೊಲದಲ್ಲಿ ಇಳುವರಿ ಹೆಚ್ಚಿತು. ಎಷ್ಟು ಹೆಚ್ಚಿತು, ಖರ್ಚಿಗೆ ತಕ್ಕಷ್ಟೇ ಎಂದು ಕೇಳಿದಾಗ ಉತ್ತರಿಸಬೇಕಾದ ಅಂಕಿಯನ್ನು ಕಾರ್ಯಕ್ರಮ ನಡೆಸುವ ಸಚಿವಾಲಯವೇ ತಯಾರಿಸುತ್ತಿತ್ತು. ಪರೀಕ್ಷೆ ಬರೆದವನ ಕೈಗೇ ಮೌಲ್ಯಮಾಪನ ಕೊಟ್ಟಂತಾಯಿತು.

ಈಗ ಕೀನ್ಯಾಕ್ಕೆ ಬನ್ನಿ. ಎಗರ್ಟನ್ ವಿಶ್ವವಿದ್ಯಾಲಯದ ಟೆಗೆಮೆಯೊ ಸಂಸ್ಥೆ 1997ರಿಂದ ಅವೇ ಗ್ರಾಮೀಣ ಕುಟುಂಬಗಳ ಮನೆಗೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಹೋಗಿ ಲೆಕ್ಕ ಬರೆದುಕೊಂಡಿತು. ಬೆಳೆದದ್ದೆಷ್ಟು, ಮಾರಿದ್ದೆಷ್ಟು ಎಂಬುದರ ಜೊತೆಗೆ ಕೊಂಡದ್ದೆಷ್ಟು ಎಂದೂ ಕೇಳಿದರು. ಸಣ್ಣ ರೈತರಲ್ಲಿ ಬಹಳ ಮಂದಿ ತಾವು ಮಾರುವುದಕ್ಕಿಂತ ಹೆಚ್ಚು ಮೆಕ್ಕೆಜೋಳವನ್ನು ಕೊಳ್ಳುವವರೆಂದು ಗೊತ್ತಾಯಿತು. ಸರ್ಕಾರಿ ಮಂಡಳಿ ಹೆಚ್ಚು ಬೆಲೆ ಕೊಟ್ಟು ಖರೀದಿಸಿದರೆ ರೈತ ಉದ್ಧಾರವಾಗುತ್ತಾನೆ ಎಂಬ ಮಾತು ಯಾವ ರೈತನ ಬಗ್ಗೆ ಎಂದು ಕೇಳುವ ಬಾಯಿ ಆಗ ಬಂತು. ಮಾರಲು ನೂರಾರು ಚೀಲ ಇರುವವನಿಗೆ ಆ ಬೆಲೆ ವರ. ಬಿತ್ತನೆಯ ಹೊತ್ತಿಗೆ ಮನೆಯ ಕಾಳು ಮುಗಿದು ಅಂಗಡಿಗೆ ಹೋಗುವವಳಿಗೆ ಅದೇ ಬೆಲೆ ಹೊರೆ.

ಮಂತ್ರಿಗಳು ಇದನ್ನು ಕೇಳಿದರೇ? ಸ್ವಲ್ಪ ಕೇಳಿದರು, ಬಹಳಷ್ಟು ಕೇಳಲಿಲ್ಲ. ಇಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. ಜಾಂಬಿಯಾದ ಕೃಷಿ ಬಜೆಟ್ಟಿನ ಸಿಂಹಪಾಲನ್ನು ಗೊಬ್ಬರದ ಸಹಾಯಧನ ಮತ್ತು ಸರ್ಕಾರಿ ಧಾನ್ಯ ಖರೀದಿ ಎರಡೇ ನುಂಗುತ್ತವೆ, ಅದರ ಲಾಭ ಹೆಚ್ಚು ಜಮೀನಿರುವವರ ಕಡೆಗೆ ವಾಲಿದೆ ಎಂದು ಅಲ್ಲಿನ ರಾಜಧಾನಿ ಲುಸಾಕಾದ ಇಂಡಾಬಾ ಕೃಷಿ ನೀತಿ ಸಂಶೋಧನಾ ಸಂಸ್ಥೆ ಸಮೀಕ್ಷೆಗಳ ಆಧಾರದ ಮೇಲೆ ಹೇಳುತ್ತ ಬಂತು. 2015ರಲ್ಲಿ 13 ಜಿಲ್ಲೆಗಳಲ್ಲಿ ಎಲೆಕ್ಟ್ರಾನಿಕ್ ವೋಚರ್ ಪ್ರಯೋಗ ಶುರುವಾಯಿತು: ರೈತ ಖಾಸಗಿ ಅಂಗಡಿಯಲ್ಲಿ ಗೊಬ್ಬರ, ಬೀಜದಂಥ ತನಗೆ ಬೇಕಾದ ಒಳಸುರಿಯನ್ನು ಆರಿಸಿಕೊಳ್ಳಬಹುದು. ಎರಡು ವರ್ಷದಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು. ಅಂಗಡಿಯವರಿಗೆ ಹಣ ತಡವಾಗಿ ಸಂದಾಯವಾಗಿ ತಕರಾರು ಎದ್ದಾಗ ಸರ್ಕಾರ ಹಲವು ಜಿಲ್ಲೆಗಳಲ್ಲಿ ತಾನೇ ಗೊಬ್ಬರ, ಬೀಜ ಒದಗಿಸುವ ಹಳೆಯ ಪದ್ಧತಿಗೇ ಮರಳಿತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಪುರಾವೆ ನೀತಿಯನ್ನು ಬದಲಿಸುವುದು ಹೀಗೆಯೇ, ಕುಂಟುತ್ತ. ಒಂದು ವರದಿ ಕೊಟ್ಟು ವಿಮಾನ ಹತ್ತುವ ಪರದೇಶಿ ತಜ್ಞನಿಗೆ ಆ ಕುಂಟು ನಡಿಗೆಯ ಜೊತೆ ಹೋಗುವ ವ್ಯವಧಾನವಿರುವುದಿಲ್ಲ. ಅದೇ ಊರಿನಲ್ಲಿ ಉಳಿದು, ಸರ್ಕಾರ ಬದಲಾದರೂ ಅದೇ ಪ್ರಶ್ನೆಯನ್ನು ಹೊಸ ಅಂಕಿಯೊಂದಿಗೆ ಕೇಳುವವರು ಬೇಕು. ನನ್ನ ದೃಷ್ಟಿಯಲ್ಲಿ ಜಾಲ ಎಂದರೆ ಇವರೇ.

ಇನ್ನೊಂದು ಸಂಗತಿ ನಿಮಗೆ ಖಂಡಿತ ರುಚಿಸುತ್ತದೆ, ಏಕೆಂದರೆ ರಾಗಿ ಹೊಲದಲ್ಲಿ ಐದು ಮೀಟರ್ ಚೌಕ ಅಳೆದು ಹಗ್ಗ ಕಟ್ಟಿ, ಇಳುವರಿ ತಿಳಿಯಲು ಬೆಳೆ ಕಟಾವು ಪ್ರಯೋಗ ಮಾಡಿಸಿದವರು ನೀವು. ಆಫ್ರಿಕಾದ ಕೆಲವು ದೇಶಗಳ ಸಮೀಕ್ಷೆಗಳಲ್ಲಿ ಗಣತಿದಾರರು ಜಿಪಿಎಸ್ ಉಪಕರಣ ಹಿಡಿದು ಹೊಲದ ಅಂಚಿನಲ್ಲಿ ಒಂದು ಸುತ್ತು ನಡೆದು ವಿಸ್ತೀರ್ಣ ಅಳೆದರು. ರೈತರು ಬಾಯಲ್ಲಿ ಹೇಳಿದ್ದಕ್ಕೆ ಹೋಲಿಸಿದರೆ, ಸಣ್ಣ ಹೊಲಗಳನ್ನು ಇದ್ದದ್ದಕ್ಕಿಂತ ದೊಡ್ಡದೆಂದೂ ದೊಡ್ಡ ಹೊಲಗಳನ್ನು ಚಿಕ್ಕದೆಂದೂ ಹೇಳಿದ್ದರು. ವಿಸ್ತೀರ್ಣ ಸರಿಪಡಿಸಿದಾಗ ಉಗಾಂಡಾದಲ್ಲಿ ಸಣ್ಣ ಹಿಡುವಳಿಯ ಎಕರೆವಾರು ಇಳುವರಿ ಇನ್ನೂ ಮೇಲೇರಿತು. ಸಣ್ಣ ರೈತನೇ ಹೆಚ್ಚು ಬೆಳೆಯುತ್ತಾನೆ ಎಂಬ ವಾದಕ್ಕೆ ಬಲ ಬಂತು. ಕೆಲವು ವರ್ಷಗಳ ನಂತರ ಪೂರ್ವ ಉಗಾಂಡಾದ ಮೆಕ್ಕೆಜೋಳದ ಹೊಲಗಳಲ್ಲಿ ಕಟಾವು ಮಾಡಿ ತೂಗಿ ನೋಡಿದರೆ, ಸಣ್ಣ ಹೊಲದವರು ಫಸಲನ್ನೂ ಹೆಚ್ಚು ಮಾಡಿ ಹೇಳಿದ್ದರು. ತೂಕದ ಲೆಕ್ಕದಲ್ಲಿ ಆ ವಾದ ನಿಲ್ಲಲಿಲ್ಲ. ಆಫ್ರಿಕಾದ ಬೇಸಾಯದ ದುಡಿಮೆಯಲ್ಲಿ ಶೇ. 60ರಿಂದ 80ರಷ್ಟು ಹೆಂಗಸರದು ಎಂಬ ಮಾತಿಗೂ ಇದೇ ಗತಿಯಾಯಿತು. ಆರು ದೇಶಗಳಲ್ಲಿ ಮನೆಮನೆ ಲೆಕ್ಕ ಹಾಕಿದಾಗ ಸರಾಸರಿ ಶೇ. 40ರ ಹತ್ತಿರ ಬಂತು. ಉಗಾಂಡಾದಲ್ಲಿ ಅರ್ಧಕ್ಕಿಂತ ಹೆಚ್ಚು, ನೈಜರ್‌ನಲ್ಲಿ ಕಾಲುಭಾಗದ ಆಸುಪಾಸು.

ನಿಜವಾದ ದೌರ್ಬಲ್ಯ ನಿಮ್ಮ ಪತ್ರದಲ್ಲಿ ಬಂದಿಲ್ಲ, ನಾನೇ ಹೇಳುತ್ತೇನೆ. ಈ ಸಂಶೋಧನಾ ಸಂಸ್ಥೆ, ಜಾಲಗಳ ಹಣ ಬಹುಪಾಲು ಹೊರಗಿನದು. ಲುಸಾಕಾದ ಸಂಸ್ಥೆ ಸ್ವೀಡನ್ ಮತ್ತು ಅಮೆರಿಕದ ನೆರವಿನಲ್ಲಿ ಬೆಳೆದದ್ದು. ಇಥಿಯೋಪಿಯಾದ ಕ್ಷಾಮದ ಹಿನ್ನೆಲೆಯಲ್ಲಿ 1985ರಲ್ಲಿ ಅಮೆರಿಕ ಕಟ್ಟಿದ ಕ್ಷಾಮ ಮುನ್ಸೂಚನಾ ಜಾಲ ಫ್ಯೂಸ್ ನೆಟ್, 2025ರ ಜನವರಿಯಲ್ಲಿ ವಾಷಿಂಗ್ಟನ್ನಿನ ಒಂದು ಆದೇಶಕ್ಕೆ ಕೆಲವು ತಿಂಗಳು ಕಣ್ಣು ಮುಚ್ಚಿತು. ಅದೇ ತಿಂಗಳು ಉಗಾಂಡಾದ ಕಂಪಾಲಾದಲ್ಲಿ ಸೇರಿದ ಆಫ್ರಿಕಾದ ನಾಯಕರು 2026ರಿಂದ 2035ರವರೆಗಿನ ಹೊಸ ಕೃಷಿ ಘೋಷಣೆಗೆ ಒಪ್ಪಿಗೆ ಕೊಟ್ಟರು. ಬಜೆಟ್ಟಿನ ಶೇ. 10ನ್ನು ಕೃಷಿಗೆ ಕೊಡುತ್ತೇವೆಂದು 2003ರಲ್ಲೇ ಹೇಳಿದ್ದವರು ಅದರಲ್ಲಿ ಒಂದು ಚೂರನ್ನು ತಮ್ಮದೇ ಸಮೀಕ್ಷೆಗಳಿಗೆ ಎತ್ತಿಡದಿದ್ದರೆ ಮುಂದಿನ ಅಂಕಪಟ್ಟಿಗೆ ಅಂಕಿಯೇ ಇರುವುದಿಲ್ಲ.

ಇನ್ನು ರಾಗಿಗೆ ಜಾಗವಿಲ್ಲ ಎಂಬ ದೂರು. ರಾಗಿಯ ತವರೇ ಪೂರ್ವ ಆಫ್ರಿಕಾ. ನೀವು ಸೇವೆಯಲ್ಲಿದ್ದಾಗ ಹಂಚಿರಬಹುದಾದ ಇಂಡಾಫ್ ತಳಿಗಳನ್ನು ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿಯೇ ತೆಗೆದದ್ದು. ಆದ್ದರಿಂದ ಆರು ಪುಟಕ್ಕೆ ಪಶ್ಚಾತ್ತಾಪವಿಲ್ಲ. ನಿಮ್ಮಿಂದ ಒಂದು ಲೇಖನ ಬೇಕು: ಕಟಾವು ಪ್ರಯೋಗಕ್ಕೆ ಸರ್ವೆ ನಂಬರು ಹೇಗೆ ಆರಿಸುತ್ತಿದ್ದಿರಿ, ರೈತರು ಏನೆನ್ನುತ್ತಿದ್ದರು, ತೂಕ ಬರೆಯುವಾಗ ಯಾವ ಕಡೆಯಿಂದ ಒತ್ತಡ ಬರುತ್ತಿತ್ತು. ಹೆಸರುಗಳು ಬೇಡ, ವಿವರ ಬೇಕು. ತಿಂಗಳ ಹದಿನೈದರೊಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ.

— ಸಂಪಾದಕ